ಹದಿಹರೆಯದವರ ವಾಹನ ಚಾಲನೆ: ಪಿಯು ಕಾಲೇಜುಗಳ ಹೊಣೆ

ಮಾನ್ಯ ಸಂಪಾದಕರೇ,

ಹದಿನೆಂಟು ತುಂಬದ ಮಗನ ಕೈಗೆ ಸ್ಕೂಟರ್ ಕೊಟ್ಟ ತಂದೆಗೋ ತಾಯಿಗೋ ನ್ಯಾಯಾಲಯವು 25 ಸಾವಿರ ರೂಪಾಯಿ ದಂಡ ವಿಧಿಸಿದ ಸುದ್ದಿ ನಮ್ಮ ಶಿವಮೊಗ್ಗದ ಪುಟಗಳಲ್ಲಿ ಈಗ ಅಪರೂಪವೇನಲ್ಲ. ಅಂತಹ ಸುದ್ದಿ ಬಂದಾಗಲೆಲ್ಲ, ಅದಕ್ಕಿಂತ ಹೆಚ್ಚಾಗಿ ಕಾಲೇಜು ಹುಡುಗರು ರಸ್ತೆಯಲ್ಲಿ ಜೀವ ಕಳೆದುಕೊಂಡ ಸುದ್ದಿ ಬಂದಾಗಲೆಲ್ಲ, ‘ಶಾಲೆಯಲ್ಲೇ ಡ್ರೈವಿಂಗ್ ಕಲಿಸಿಬಿಡಬೇಕು’ ಎಂಬ ಸಲಹೆ ಕೇಳಿಬರುತ್ತದೆ. ಪದವಿಪೂರ್ವ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸಿ ನಿವೃತ್ತನಾದ ನಾನು ಈ ಸಲಹೆಯ ಅರ್ಧವನ್ನು ಮನಸಾರೆ ಒಪ್ಪುತ್ತೇನೆ, ಉಳಿದರ್ಧವನ್ನು ಅಪಾಯಕಾರಿ ಎಂದೇ ತಿಳಿದಿದ್ದೇನೆ. ರಸ್ತೆಯಲ್ಲಿ ಸುರಕ್ಷಿತವಾಗಿ ಸಾಗುವ ವಿವೇಕವನ್ನು ಪಿಯು ಕಾಲೇಜುಗಳು ಕಲಿಸಲೇಬೇಕು, ಅದಕ್ಕೆ ಅಂಕವನ್ನೂ ಕೊಡಬೇಕು; ಆದರೆ ಗೇರು, ಕ್ಲಚ್ಚು, ಹ್ಯಾಂಡಲ್‌ಗಳ ತರಬೇತಿಗೆ ಕೈಹಾಕಬಾರದು. ಹೀಗೇಕೆ ಹೇಳುತ್ತಿದ್ದೇನೆ ಎಂಬುದನ್ನು ವಿವರಿಸಲು ಅವಕಾಶ ಕೋರುತ್ತೇನೆ.

ಮೊದಲಿಗೆ ಕಾನೂನು ಎಲ್ಲಿದೆ, ನಾವು ಎಲ್ಲಿದ್ದೇವೆ ಎಂಬುದನ್ನು ನೋಡೋಣ. 1988ರ ಮೋಟಾರು ವಾಹನಗಳ ಕಾಯ್ದೆಯ 4ನೇ ಕಲಮಿನ ಪ್ರಕಾರ ಹದಿನೆಂಟು ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. ಹದಿನಾರು ತುಂಬಿದವರಿಗೆ 50 ಸಿಸಿ ಮೀರದ ಎಂಜಿನ್ನಿನ ದ್ವಿಚಕ್ರ ವಾಹನಕ್ಕೆ ಮಾತ್ರ ವಿನಾಯಿತಿ ಉಂಟು. ಲೂನಾ, ಟಿವಿಎಸ್ 50ಗಳು ಬೀದಿ ತುಂಬ ಓಡಾಡುತ್ತಿದ್ದ ಕಾಲದಲ್ಲಿ ಬರೆದ ಮಾತು ಅದು. ಇಂದು ಮನೆಮನೆಯಲ್ಲಿರುವ ಸ್ಕೂಟರುಗಳು 110 ಇಲ್ಲವೇ 125 ಸಿಸಿಯವು; ಹೀಗಾಗಿ ಆ ವಿನಾಯಿತಿ ಕಾಗದದ ಮೇಲಷ್ಟೇ ಉಳಿದಿದೆ. 2019ರ ತಿದ್ದುಪಡಿಯಿಂದ ಬಂದ 199ಎ ಕಲಮು ಬಹಳ ಕಠಿಣವಾದುದು: ಅಪ್ರಾಪ್ತರು ಅಪರಾಧ ಎಸಗಿದರೆ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ತಪ್ಪಿತಸ್ಥರೆಂದು ಪರಿಗಣಿಸಿ ಮೂರು ವರ್ಷದವರೆಗೆ ಜೈಲು ಹಾಗೂ 25 ಸಾವಿರ ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಜೊತೆಗೆ ಆ ಹುಡುಗ ಅಥವಾ ಹುಡುಗಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಕಲಿಕಾ ಪರವಾನಗಿಯೂ ಇಲ್ಲ. ಈ ಕೊನೆಯ ಭಾಗವನ್ನು ನಾನು ಮಾತನಾಡಿಸಿದ ಪೋಷಕರಲ್ಲಿ ಹೆಚ್ಚಿನವರು ಕೇಳಿಯೇ ಇರಲಿಲ್ಲ. ದಂಡ ಕಟ್ಟಿ ಕೈತೊಳೆದುಕೊಳ್ಳಬಹುದು ಎಂದೇ ಅವರು ಭಾವಿಸಿದ್ದರು.

ಬೆಳಗಿನ ಜಾವ ಟ್ಯೂಷನ್ ನಡೆಯುವ ಯಾವುದಾದರೂ ಗಲ್ಲಿಯಲ್ಲಿ ಆರು ಗಂಟೆಗೆ ಮುಂಚೆ ನಿಂತು ನೋಡಿದರೆ ಕಾನೂನಿಗೂ ವಾಸ್ತವಕ್ಕೂ ಇರುವ ದೂರ ತಿಳಿಯುತ್ತದೆ. ಸಿಇಟಿ, ನೀಟ್ ಎಂದು ಕತ್ತಲಲ್ಲೇ ಎದ್ದು ಬಂದ ಮಕ್ಕಳು ಒಂದು ಸ್ಕೂಟರಿನಲ್ಲಿ ಮೂವರಂತೆ ಇಳಿಯುತ್ತಾರೆ. ನಡುವೆ ಕೂತವನ ಬೆನ್ನಿನ ಚೀಲ ಹಿಂದೆ ಕೂತವನ ಎದೆಗೆ ಒತ್ತಿಕೊಂಡಿರುತ್ತದೆ. ಹೆಲ್ಮೆಟ್ ಇದ್ದರೆ ಅದು ಕನ್ನಡಿಯ ಕಡ್ಡಿಗೋ ಮುಂಗೈಗೋ ನೇತುಬಿದ್ದಿರುತ್ತದೆ. ಕಾಲೇಜಿನ ಆವರಣದೊಳಗೆ ವಿದ್ಯಾರ್ಥಿಗಳ ವಾಹನಕ್ಕೆ ಪ್ರವೇಶವಿಲ್ಲ ಎಂಬ ಫಲಕವನ್ನು ಬಹುತೇಕ ಕಾಲೇಜುಗಳು ಗೇಟಿಗೆ ತೂಗುಹಾಕಿವೆ. ಅದರ ಪರಿಣಾಮವಾಗಿ ಆ ವಾಹನಗಳೆಲ್ಲ ಎದುರಿನ ಮೆಡಿಕಲ್ ಶಾಪಿನ ಪಕ್ಕದ ಓಣಿಗೆ ಸ್ಥಳಾಂತರಗೊಂಡಿವೆಯೇ ಹೊರತು ಒಂದೂ ಕಡಿಮೆಯಾಗಿಲ್ಲ. ಗೇಟಿನಿಂದ ಆಚೆಗಿನದು ತಮ್ಮ ವ್ಯಾಪ್ತಿಯಲ್ಲ ಎಂದು ಕಾಲೇಜು, ಗೇಟಿನೊಳಗಿನದು ತಮ್ಮ ವ್ಯಾಪ್ತಿಯಲ್ಲ ಎಂದು ಪೊಲೀಸರು. ಇಬ್ಬರೂ ಹೇಳುವುದು ಸರಿಯೇ.

ಇನ್ನೊಂದು ಸಂಗತಿಯನ್ನೂ ಸೇರಿಸಬೇಕು. ಮೋಟಾರಿನ ಶಕ್ತಿ 250 ವಾಟ್ ಮೀರದ, ಗಂಟೆಗೆ 25 ಕಿಲೋಮೀಟರಿಗಿಂತ ವೇಗವಾಗಿ ಹೋಗದ ವಿದ್ಯುತ್ ಸ್ಕೂಟರುಗಳಿಗೆ ನೋಂದಣಿಯೂ ಬೇಡ, ಪರವಾನಗಿಯೂ ಬೇಡ. ಹೈಸ್ಕೂಲು ಮಕ್ಕಳಿಗೆ ಪೋಷಕರು ಇವನ್ನು ಧೈರ್ಯವಾಗಿ ಕೊಡಿಸುತ್ತಿದ್ದಾರೆ. ವೇಗದ ಮಿತಿಯನ್ನು ತೆಗೆಸಿಕೊಂಡ ಗಾಡಿಗಳೂ ಇವುಗಳ ನಡುವೆ ಸೇರಿಕೊಂಡಿವೆ. ಹೀಗಾಗಿ ರಸ್ತೆಯ ಪಾಠ ಪಿಯು ಮೆಟ್ಟಿಲೇರುವವರೆಗೂ ಕಾಯಲಾಗದು. ಆ ಮಾತಿಗೆ ಮುಂದೆ ಬರುತ್ತೇನೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಕರ್ನಾಟಕದವರು ಹನ್ನೊಂದೂವರೆ ಸಾವಿರಕ್ಕೂ ಹೆಚ್ಚು. ಹದಿನೆಂಟರ ಒಳಗಿನವರ ಸಂಖ್ಯೆ ದೇಶದಾದ್ಯಂತ ಒಂಬತ್ತೂವರೆ ಸಾವಿರದಷ್ಟಿತ್ತು. ಅದೇ ವರ್ಷ ಹೆಲ್ಮೆಟ್ ಧರಿಸದೆ ಸತ್ತವರು 50 ಸಾವಿರಕ್ಕೂ ಹೆಚ್ಚು, ಅವರಲ್ಲಿ 14 ಸಾವಿರಕ್ಕೂ ಹೆಚ್ಚು ಮಂದಿ ಹಿಂಬದಿ ಸವಾರರು. ಹಿಂದೆ ಕೂತವರು ಗಾಡಿ ಓಡಿಸುತ್ತಿರಲಿಲ್ಲ. ಪಾಠವೆಂಬುದು ಓಡಿಸುವವನಿಗಷ್ಟೇ ಮೀಸಲಾದರೆ ಈ ಹದಿನಾಲ್ಕು ಸಾವಿರಕ್ಕೆ ಏನು ಹೇಳುವುದು?

ಸದ್ಯ ನಮ್ಮ ಶಾಲಾ ಕಾಲೇಜುಗಳಲ್ಲಿ ನಡೆಯುತ್ತಿರುವುದೇನು? ಜನವರಿಯಲ್ಲಿ ರಸ್ತೆ ಸುರಕ್ಷತಾ ಸಪ್ತಾಹ ನಡೆಯುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ಮಾಸಾಚರಣೆಯಾಗಿದೆ. ಒಂದು ಜಾಥಾ, ಒಂದು ಚಿತ್ರಕಲಾ ಸ್ಪರ್ಧೆ, ಒಂದು ಪ್ರಬಂಧ ಸ್ಪರ್ಧೆ, ಸಂಚಾರ ಠಾಣೆಯ ಅಧಿಕಾರಿಯೊಬ್ಬರ ಭಾಷಣ, ಪ್ರಮಾಣವಚನ, ಗ್ರೂಪ್ ಫೋಟೊ. ಫೆಬ್ರುವರಿಯಲ್ಲಿ ಪ್ರಾಯೋಗಿಕ ಪರೀಕ್ಷೆಗಳ ಗಡಿಬಿಡಿಯಲ್ಲಿ ಎಲ್ಲವೂ ಮರೆತುಹೋಗುತ್ತದೆ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದ ಕಾರು ಇಬ್ಬರು ಯುವ ಎಂಜಿನಿಯರುಗಳನ್ನು ಬಲಿ ತೆಗೆದುಕೊಂಡಾಗ, ಜಾಮೀನಿನ ಷರತ್ತುಗಳಲ್ಲೊಂದಾಗಿ ಬಾಲನ್ಯಾಯ ಮಂಡಳಿಯು 300 ಪದಗಳ ಪ್ರಬಂಧ ಬರೆಯಲು ಹೇಳಿದ್ದನ್ನು ಕೇಳಿ ಇಡೀ ದೇಶ ಸಿಟ್ಟಾಯಿತು. ಸಿಟ್ಟು ನ್ಯಾಯವಾದುದೇ. ಆದರೆ ಪ್ರತಿ ಜನವರಿಯಲ್ಲಿ ನಾವು ಲಕ್ಷಾಂತರ ಮಕ್ಕಳಿಂದ ಮಾಡಿಸುತ್ತಿರುವುದೂ ಅದನ್ನೇ ಅಲ್ಲವೇ? ರಸ್ತೆ ಸುರಕ್ಷತೆಯನ್ನು ಶಾಲಾ ಪಠ್ಯಕ್ರಮದಲ್ಲಿ ಸೇರಿಸುವಂತೆ ಸರ್ವೋಚ್ಚ ನ್ಯಾಯಾಲಯವು 2017ರ ನವೆಂಬರಿನಲ್ಲಿಯೇ ರಾಜ್ಯಗಳಿಗೆ ಸೂಚಿಸಿತ್ತು. ಅಲ್ಲೊಂದು ಇಲ್ಲೊಂದು ಪಾಠವಾಗಿ ಅದು ಸೇರಿಯೂ ಇದೆ. ಮಕ್ಕಳು ಅದನ್ನು ಸಂಚಾರ ಚಿಹ್ನೆಗಳನ್ನು ಹೊಂದಿಸಿ ಬರೆಯುವ ಪ್ರಶ್ನೆಯಾಗಿ ಓದಿ ಮುಗಿಸುತ್ತಾರೆ.

ಹಾಗಾದರೆ ಕಾಲೇಜಿನಲ್ಲೇ ಗಾಡಿ ಓಡಿಸಲು ಕಲಿಸಿಬಿಟ್ಟರೆ ಆಗದೇ ಎಂದು ಕೇಳುವವರಿಗೆ ಅಮೆರಿಕದ ಅನುಭವವನ್ನು ನೆನಪಿಸಬೇಕು. ಅಲ್ಲಿನ ಪ್ರೌಢಶಾಲೆಗಳಲ್ಲಿ 1930ರ ದಶಕದಿಂದಲೇ ಚಾಲನಾ ಶಿಕ್ಷಣ ಆರಂಭವಾಗಿತ್ತು. ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ತಿಳಿಯಲು 1970ರ ದಶಕದ ಕೊನೆಯಲ್ಲಿ ಜಾರ್ಜಿಯಾ ರಾಜ್ಯದ ಡಿಕಾಲ್ಬ್ ಕೌಂಟಿಯಲ್ಲಿ ಸುಮಾರು ಹದಿನಾರು ಸಾವಿರ ವಿದ್ಯಾರ್ಥಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಸವಿಸ್ತಾರ ತರಬೇತಿ, ಕೆಲವರಿಗೆ ಕನಿಷ್ಠ ತರಬೇತಿ ಕೊಟ್ಟು, ಕೆಲವರಿಗೆ ಏನೂ ಕೊಡದೆ ನೋಡಲಾಯಿತು. ತರಬೇತಿ ಪಡೆದವರಿಗೆ ಮೊದಲ ಕೆಲವು ತಿಂಗಳು ತುಸು ಅನುಕೂಲ ಕಂಡರೂ ಅದು ಬಹುಕಾಲ ನಿಲ್ಲಲಿಲ್ಲ. ಬದಲಾಗಿ, ತರಬೇತಿಯ ನೆಪದಲ್ಲಿ ಮಕ್ಕಳು ಬೇಗನೆ ಪರವಾನಗಿ ಪಡೆದು ಬೇಗನೆ ರಸ್ತೆಗಿಳಿದರು. ಕನೆಕ್ಟಿಕಟ್ ರಾಜ್ಯ ಶಾಲಾ ಚಾಲನಾ ಶಿಕ್ಷಣಕ್ಕೆ ಕೊಡುತ್ತಿದ್ದ ಹಣವನ್ನು ನಿಲ್ಲಿಸಿದಾಗ, ಆ ತರಗತಿಗಳನ್ನು ಕೈಬಿಟ್ಟ ಊರುಗಳಲ್ಲಿ ಹದಿನಾರು, ಹದಿನೇಳರ ವಯಸ್ಸಿನವರ ಅಪಘಾತಗಳು ಕಡಿಮೆಯಾದವು. ಕಲಿಸುವುದನ್ನು ಬಿಟ್ಟದ್ದರಿಂದ ಅಪಘಾತ ಇಳಿಯಿತು ಎಂದರೆ ಶಿಕ್ಷಕನಾಗಿದ್ದ ನನಗೆ ಒಪ್ಪಿಕೊಳ್ಳಲು ಕಷ್ಟವೇ. ಆದರೆ ಕಾರಣ ಸ್ಪಷ್ಟವಾಗಿದೆ. ಗಾಡಿಯನ್ನು ಹಿಡಿತದಲ್ಲಿಡುವ ಕೌಶಲ ಹದಿಹರೆಯದವರಿಗೆ ಬಹಳ ಬೇಗ ಬರುತ್ತದೆ. ಎದುರಿಗೆ ಏನಾಗಬಹುದು ಎಂದು ಮುಂಚಿತವಾಗಿ ಊಹಿಸುವ ಶಕ್ತಿ ನಿಧಾನವಾಗಿ ಬರುತ್ತದೆ. ಮೊದಲನೆಯದನ್ನು ಬೇಗ ಕಲಿಸಿದಷ್ಟೂ ಎರಡನೆಯದು ಬರುವ ಮುಂಚೆ ರಸ್ತೆಗಿಳಿಯುವ ಧೈರ್ಯ ಹೆಚ್ಚುತ್ತದೆ.

ನಮ್ಮ ಪರವಾನಗಿ ಪರೀಕ್ಷೆಯೂ ಮೊದಲನೆಯದನ್ನೇ ಅಳೆಯುತ್ತದೆ. ಆರ್‌ಟಿಒ ಮೈದಾನದಲ್ಲಿ ಕಾಲು ಊರದೆ ‘8’ ಹಾಕಿ ತೋರಿಸಿದರೆ ದ್ವಿಚಕ್ರ ವಾಹನದ ಪರವಾನಗಿ ಬರುತ್ತದೆ. ನಿಧಾನವಾಗಿ ‘8’ ಹಾಕಲು ಬಾರದೆ ಸತ್ತವರು ಯಾರೂ ಇಲ್ಲ. ನಿಂತ ಬಸ್ಸಿನ ಮುಂದಿನಿಂದ ಮಗುವೊಂದು ಓಡಿಬರಬಹುದು ಎಂದು ಊಹಿಸದೆ ಹೋದವರು, ತಿರುವಿನಲ್ಲಿ ಎದುರು ಬರುವ ಲಾರಿಯ ವೇಗವನ್ನು ತಪ್ಪಾಗಿ ಅಂದಾಜಿಸಿದವರು, ಹಿಂದೆ ಕೂತ ಗೆಳೆಯರ ಕೇಕೆಗೆ ಆಕ್ಸಿಲರೇಟರ್ ತಿರುಗಿಸಿದವರು ಸಾಯುತ್ತಿದ್ದಾರೆ. ಕಾರು ಕಲಿಯುವವರಾದರೂ ಡ್ರೈವಿಂಗ್ ಸ್ಕೂಲಿಗೆ ಹೋಗುತ್ತಾರೆ. ದ್ವಿಚಕ್ರಕ್ಕೆ ಅಣ್ಣನೋ ಚಿಕ್ಕಪ್ಪನೋ ಭಾನುವಾರ ಖಾಲಿ ಲೇಔಟಿನಲ್ಲಿ ಹೇಳಿಕೊಟ್ಟದ್ದೇ ವಿದ್ಯೆ.

ಕಾಲೇಜು ಏನನ್ನು ಕಲಿಸಬಹುದು ಎಂಬ ಪ್ರಶ್ನೆಗೆ ಉತ್ತರ ಪಠ್ಯಪುಸ್ತಕದಲ್ಲಿಯೇ ಇದೆ. ಪ್ರಥಮ ಪಿಯು ವಿಜ್ಞಾನದ ಮಕ್ಕಳು ಓದುವ ಎನ್‌ಸಿಇಆರ್‌ಟಿ ಭೌತವಿಜ್ಞಾನದಲ್ಲಿ, ಸರಳರೇಖೆಯಲ್ಲಿ ಚಲನೆಯ ಅಧ್ಯಾಯದಲ್ಲಿ, ವಾಹನ ನಿಲ್ಲಲು ಬೇಕಾದ ದೂರದ ಲೆಕ್ಕವಿದೆ: ವೇಗ ಇಮ್ಮಡಿಯಾದರೆ ಬ್ರೇಕ್ ಹಾಕಿದ ಮೇಲೆ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಅದರ ಮಗ್ಗುಲಲ್ಲೇ ಪ್ರತಿಕ್ರಿಯಾ ಸಮಯ ಅಳೆಯುವ ಪ್ರಯೋಗವಿದೆ. ಗೆಳೆಯ ಸ್ಕೇಲೊಂದನ್ನು ನೇರವಾಗಿ ಹಿಡಿದು ಕೈಬಿಡಬೇಕು, ನೀವು ಹೆಬ್ಬೆರಳು ತೋರುಬೆರಳುಗಳ ನಡುವೆ ಅದನ್ನು ಹಿಡಿಯಬೇಕು. 21 ಸೆಂಟಿಮೀಟರ್ ಜಾರಿದ ಮೇಲೆ ಹಿಡಿದರೆ ನಿಮ್ಮ ಪ್ರತಿಕ್ರಿಯಾ ಸಮಯ ಸುಮಾರು 0.2 ಸೆಕೆಂಡ್. ಈ ಎರಡನ್ನೂ ನಾವು ಎರಡು ಅಂಕದ, ಮೂರು ಅಂಕದ ಪ್ರಶ್ನೆಗಳನ್ನಾಗಿ ಮಾಡಿ ಪುಟ ತಿರುಗಿಸುತ್ತೇವೆ. ಹಾಗೆ ಮಾಡದೆ ಅಲ್ಲೇ ಸ್ವಲ್ಪ ಹೊತ್ತು ನಿಂತರೆ ಎಂತಹ ಪಾಠವಾಗುತ್ತದೆ ನೋಡಿ. ಸ್ಕೇಲ್ ಬೀಳುವುದನ್ನೇ ಕಾಯುತ್ತಾ ಕೂತವನಿಗೆ 0.2 ಸೆಕೆಂಡ್ ಸಾಕು. ನಿರೀಕ್ಷೆಯೇ ಇಲ್ಲದಾಗ ರಸ್ತೆಯಲ್ಲಿ ಅಪಾಯವನ್ನು ಕಂಡು, ಗುರುತಿಸಿ, ಬ್ರೇಕ್ ಒತ್ತಲು ಒಂದೂವರೆ ಸೆಕೆಂಡಾದರೂ ಬೇಕು ಎಂದಿಟ್ಟುಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅಷ್ಟರಲ್ಲಿ ಗಾಡಿ 16 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ; ಬ್ರೇಕಿನ ದೂರವೂ ಸೇರಿ ನಿಲ್ಲುವಾಗ ಸುಮಾರು 29 ಮೀಟರ್. 60ರಲ್ಲಿ ಅದು 53 ಮೀಟರಿನಷ್ಟಾಗುತ್ತದೆ, ಅಂದರೆ ಎರಡೂವರೆ ಕ್ರಿಕೆಟ್ ಪಿಚ್‌ಗಿಂತ ಹೆಚ್ಚು. ಇದು ಒಣ ರಸ್ತೆಯ, ಸಾಧಾರಣ ಬ್ರೇಕಿನ, ಒಬ್ಬನೇ ಸವಾರನ ಲೆಕ್ಕ. ಮಳೆಗಾಲದ ತೀರ್ಥಹಳ್ಳಿ ರಸ್ತೆಯ ಲೆಕ್ಕವನ್ನು ಮಕ್ಕಳೇ ಮಾಡಲಿ. ಮೈದಾನದಲ್ಲಿ ಟೇಪ್ ಹಿಡಿದು ಈ ದೂರಗಳನ್ನು ಸುಣ್ಣದಿಂದ ಗುರುತು ಮಾಡಿಸಿ, ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯನ್ನು ನೋಡಲು ಹೇಳಿದಾಗ ತರಗತಿ ತಾನಾಗಿಯೇ ಮೌನವಾದುದನ್ನು ನಾನು ಕಂಡಿದ್ದೇನೆ. ಕಲಾ ಮತ್ತು ವಾಣಿಜ್ಯ ವಿಭಾಗದ ಮಕ್ಕಳಿಗೆ ಸೂತ್ರದ ಗೊಡವೆ ಬೇಡ. ಟೇಪು ಮತ್ತು ಸುಣ್ಣವೇ ಸಾಕು.

ಎರಡನೆಯ ಪಾಠ ಕಣ್ಣಿನದು. ಬ್ರಿಟನ್ನಿನಲ್ಲಿ 2002ರ ನವೆಂಬರಿನಿಂದ ಪರವಾನಗಿ ಬಯಸುವವರು ರಸ್ತೆಯ ವಿಡಿಯೊ ತುಣುಕುಗಳನ್ನು ನೋಡಿ, ಅಪಾಯ ರೂಪುಗೊಳ್ಳಲು ಶುರುವಾದ ಕ್ಷಣದಲ್ಲಿ ಗುಂಡಿ ಒತ್ತಬೇಕು. ಬೇಗ ಗುರುತಿಸಿದಷ್ಟೂ ಹೆಚ್ಚು ಅಂಕ. ಇದನ್ನು ನಮ್ಮ ಕಾಲೇಜುಗಳ ಸ್ಮಾರ್ಟ್ ಕ್ಲಾಸಿನ ಪರದೆಯ ಮೇಲೆ ಮಾಡಿಸಲು ದೊಡ್ಡ ಖರ್ಚೇನೂ ಇಲ್ಲ. ಆದರೆ ತುಣುಕುಗಳು ಲಂಡನ್ನಿನವಾಗಬಾರದು, ಬೆಂಗಳೂರಿನ ವರ್ತುಲ ರಸ್ತೆಯವೂ ಆಗಬಾರದು. ಸುಗ್ಗಿಯಲ್ಲಿ ಡಾಂಬರು ರಸ್ತೆಯ ಮೇಲೆ ಹರಡಿದ ರಾಗಿ, ಹುರುಳಿ; ಮಂಡ್ಯದ ಕಡೆ ಹಿಂಬದಿ ದೀಪವಿಲ್ಲದೆ ರಾತ್ರಿ ಸಾಗುವ ಕಬ್ಬಿನ ಟ್ರ್ಯಾಕ್ಟರ್; ಆಗುಂಬೆ ಘಾಟಿಯ ಮಂಜಿನಲ್ಲಿ ದೀಪ ಹಾಕದೆ ಬರುವ ಟೆಂಪೊ; ಊರೂರಿನ ತಿರುವಿನಲ್ಲಿ ಉದುರಿದ ಎಂ ಸ್ಯಾಂಡ್; ಬಣ್ಣ ಮಾಸಿ ಕಪ್ಪಾದ ಹಂಪು. ಇಂತಹವನ್ನು ಆಯಾ ಜಿಲ್ಲೆಯಲ್ಲಿಯೇ ಚಿತ್ರೀಕರಿಸಬೇಕು. ಚಿತ್ರೀಕರಣವನ್ನು ರಸ್ತೆ ಬದಿಯಲ್ಲಿ ಸುರಕ್ಷಿತವಾಗಿ ನಿಂತು, ಶಿಕ್ಷಕರ ಮೇಲ್ವಿಚಾರಣೆಯಲ್ಲಿ, ಮಕ್ಕಳಿಂದಲೇ ಮಾಡಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಅಪಾಯವನ್ನು ಹುಡುಕಿಕೊಂಡು ಹೋದ ಕಣ್ಣು ಅದನ್ನು ಮರೆಯುವುದಿಲ್ಲ. 2023-24ರಿಂದ ಪ್ರಯೋಗಾಲಯವಿಲ್ಲದ ವಿಷಯಗಳಿಗೂ 20 ಆಂತರಿಕ ಅಂಕಗಳು ಬಂದಿವೆ, ಅವುಗಳಲ್ಲಿ ಪ್ರಾಜೆಕ್ಟ್ ಕೂಡ ಸೇರಿದೆ. ಅಂತರ್ಜಾಲದಿಂದ ಇಳಿಸಿಕೊಂಡ ಹಾಳೆಗಳಿಗೆ ಅಂಕ ಕೊಡುವ ಬದಲು, ತಮ್ಮ ಕಾಲೇಜಿನ ಎದುರಿನ ವೃತ್ತದಲ್ಲಿ ಅರ್ಧ ಗಂಟೆ ನಿಂತು ಎಷ್ಟು ಹಿಂಬದಿ ಸವಾರರು ಹೆಲ್ಮೆಟ್ ಧರಿಸಿದ್ದರು, ಎಷ್ಟು ಮಂದಿಯ ಹೆಲ್ಮೆಟ್ಟಿನ ಪಟ್ಟಿ ಹಾಕಿತ್ತು ಎಂದು ಎಣಿಸಿ ಬರೆದ ಸಮಾಜಶಾಸ್ತ್ರ ಅಥವಾ ಸಂಖ್ಯಾಶಾಸ್ತ್ರದ ಪ್ರಾಜೆಕ್ಟಿಗೆ ಅಂಕ ಕೊಡಬಹುದಲ್ಲ.

ಪಕ್ಕದ ಕೇರಳದ ಮೋಟಾರು ವಾಹನ ಇಲಾಖೆ 2022ರಲ್ಲಿ ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳಿಗಾಗಿ ರಸ್ತೆ ಸುರಕ್ಷತೆಯ ಪಠ್ಯವೊಂದನ್ನು ಸಿದ್ಧಪಡಿಸಿ, ಪ್ಲಸ್ ಟು ಮುಗಿಸುವಾಗಲೇ ಕಲಿಕಾ ಪರವಾನಗಿಯ ಪರೀಕ್ಷೆಯನ್ನೂ ಮುಗಿಸಿದಂತಾಗುವ ಯೋಜನೆಯನ್ನು ಮುಂದಿಟ್ಟಿತು. ಅದರ ಮೊದಲ ಭಾಗ ನಮಗೂ ಮಾದರಿಯಾಗಬಲ್ಲದು. ಮನೆಯಲ್ಲೇ ಕೂತು ಆಧಾರ್ ಮೂಲಕ ಕಲಿಕಾ ಪರವಾನಗಿಯ ಪರೀಕ್ಷೆ ಬರೆಯುವ ಈ ಕಾಲದಲ್ಲಿ, ಅಣ್ಣನೋ ಸೈಬರ್ ಸೆಂಟರಿನವನೋ ಬರೆದುಕೊಡುವುದಕ್ಕಿಂತ ಕಾಲೇಜಿನ ಮೇಲ್ವಿಚಾರಣೆಯಲ್ಲಿ ಬರೆದ ಪರೀಕ್ಷೆ ಎಷ್ಟೋ ಮೇಲು. ಆದರೆ ಪ್ರಮಾಣಪತ್ರದ ಜೊತೆಗೇ ಪರವಾನಗಿ ಬಂದುಬಿಟ್ಟರೆ ಡಿಕಾಲ್ಬ್‌ನಲ್ಲಿ ಆದದ್ದೇ ಇಲ್ಲಿಯೂ ಆದೀತು ಎಂಬ ಆತಂಕ ನನ್ನದು. ಅದಕ್ಕೆ ಮದ್ದು ನ್ಯೂಜಿಲೆಂಡ್ 1987ರಲ್ಲಿ ಕಂಡುಕೊಂಡ ಹಂತಹಂತದ ಪರವಾನಗಿ. ಅಲ್ಲಿ ಕಲಿಕಾ ಹಂತ ದಾಟಿದ ಮೇಲೆ ನಿರ್ಬಂಧಿತ ಹಂತವೊಂದಿದೆ. ಆಗ ಅನುಭವಿ ಚಾಲಕರು ಜೊತೆಗಿಲ್ಲದೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಓಡಿಸುವಂತಿಲ್ಲ, ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಅದು ಸುರಳೀತವಾಗಿ ಕಳೆದರೆ ಮಾತ್ರ ಪೂರ್ಣ ಪರವಾನಗಿ. ಅಮೆರಿಕದ ರಾಜ್ಯಗಳೂ 1990ರ ದಶಕದ ನಡುವಿನಿಂದ ಇದೇ ಹಾದಿ ಹಿಡಿದವು, ಹದಿಹರೆಯದ ಚಾಲಕರ ಅಪಘಾತಗಳು ಅಲ್ಲಿ ಇಳಿದದ್ದು ಶಾಲಾ ತರಬೇತಿಗಿಂತ ಹೆಚ್ಚಾಗಿ ಇದರಿಂದ. ನಮ್ಮಲ್ಲಿ ಕಲಿಕಾ ಪರವಾನಗಿ ಸಿಕ್ಕ ಮೂವತ್ತು ದಿನಕ್ಕೆ ಪೂರ್ಣ ಪರವಾನಗಿಗೆ ಅರ್ಜಿ ಹಾಕಬಹುದು, ಅದು ಕೈಗೆ ಬಂದ ಸಂಜೆಯೇ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ನಡುರಾತ್ರಿ ಹೆದ್ದಾರಿಗೆ ಹೋಗಬಹುದು. ಇದನ್ನು ಬದಲಿಸಲು ಕೇಂದ್ರದ ಕಾಯ್ದೆ ತಿದ್ದುಪಡಿಯಾಗಬೇಕು, ಕಾಲೇಜಿನಿಂದ ಆಗುವ ಕೆಲಸವಲ್ಲ. ಆದರೂ ನಮ್ಮ ಸಂಸದರಲ್ಲಿ ಒಬ್ಬರಾದರೂ ಈ ಪ್ರಶ್ನೆ ಎತ್ತಲಿ.

ಹೈಸ್ಕೂಲಿನ ಮಾತಿಗೆ ಬರುತ್ತೇನೆ. 2006-07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆಯಿಂದ ಎಂಟನೇ ತರಗತಿಯ ಲಕ್ಷಾಂತರ ಮಕ್ಕಳು ಸರ್ಕಾರಿ ಸೈಕಲ್ಲೇರಿ ರಸ್ತೆಗಿಳಿದರು. ಕೋವಿಡ್ ವರ್ಷದಲ್ಲಿ ಅದು ನಿಂತುಹೋಯಿತು. ಸೈಕಲ್ ಕೊಟ್ಟ ಸರ್ಕಾರ ಅದರ ಜೊತೆ ಒಂದು ಗಂಟೆಯ ರಸ್ತೆ ಪಾಠವನ್ನೂ ಕೊಡಲಿಲ್ಲ ಎಂಬುದು ಆಗಲೂ ನನ್ನನ್ನು ಕಾಡುತ್ತಿತ್ತು. ಬಲಕ್ಕೆ ತಿರುಗುವ ಮುನ್ನ ಹಿಂದೆ ನೋಡುವುದು, ಕೈ ಚಾಚಿ ಸೂಚನೆ ಕೊಡುವುದು, ಕವಲು ದಾರಿಯಲ್ಲಿ ಕಾಲೂರಿ ನಿಲ್ಲುವುದು, ಲಾರಿಯ ಚಾಲಕನಿಗೆ ಕಾಣದ ಜಾಗ ಯಾವುದೆಂದು ತಿಳಿಯುವುದು ಎಲ್ಲವೂ ಸೈಕಲ್ಲಿನ ಮೇಲೆ ಕಲಿಯಬಹುದಾದವು, ಅದೂ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ವೇಗದಲ್ಲಿ. ಪರವಾನಗಿ ಬೇಡದ ವಿದ್ಯುತ್ ಸ್ಕೂಟರ್ ಹತ್ತುವ ಮಗುವಿಗೂ ಬೇಕಾದುದು ಇದೇ. ದೈಹಿಕ ಶಿಕ್ಷಕರಿಗೆ ಎರಡು ದಿನದ ತರಬೇತಿ, ಶಾಲಾ ಮೈದಾನದಲ್ಲಿ ಸುಣ್ಣದ ಗೆರೆ, ಊರವರ ನಾಲ್ಕು ಸೈಕಲ್ಲುಗಳಿಂದ ಇದನ್ನು ಶುರುಮಾಡಬಹುದು.

ಗೇಟಿನ ಆಚೆಯ ಓಣಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸದು. ವಾಹನಗಳನ್ನು ಆವರಣದೊಳಗೆ ಬಿಟ್ಟುಕೊಳ್ಳಬಾರದು ಎಂಬ ಆದೇಶ ಪೊಳ್ಳು ಸಮಾಧಾನವಷ್ಟೇ. ಪ್ರವೇಶಾತಿಯ ಸಮಯದಲ್ಲಿ ಪೋಷಕರಿಗೆ 199ಎ ಕಲಮಿನ ಸಾರಾಂಶವನ್ನು ಕನ್ನಡದಲ್ಲಿ ಓದಿ ಹೇಳಿ ಸಹಿ ಪಡೆಯಬೇಕು, ಹದಿನೆಂಟು ದಾಟಿ ಪರವಾನಗಿ ಇರುವವರ ಪಟ್ಟಿಯನ್ನು ಕಾಲೇಜು ಇಟ್ಟುಕೊಳ್ಳಬೇಕು, ಅವರ ವಾಹನಕ್ಕೆ ಒಳಗೆ ಜಾಗ ಕೊಡಬೇಕು. ಓಣಿಯಲ್ಲಿ ಉಳಿದವು ಯಾರವು ಎಂಬುದು ಆಗ ತಾನಾಗಿಯೇ ಗೊತ್ತಾಗುತ್ತದೆ. ಜೊತೆಗೆ, ಮಕ್ಕಳು ಸ್ಕೂಟರ್ ಹತ್ತುವುದು ಶೋಕಿಗಷ್ಟೇ ಅಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಹಳ್ಳಿಯಿಂದ ಬೆಳಿಗ್ಗೆ ಹೊರಡುವ ಒಂದೇ ಬಸ್ಸು ಕಾಲೇಜಿನ ಮೊದಲ ಗಂಟೆ ಮುಗಿದ ಮೇಲೆ ಊರು ತಲುಪುವುದಾದರೆ, ಸಂಜೆಯ ಬಸ್ಸು ಪ್ರಾಯೋಗಿಕ ತರಗತಿ ಬಿಡುವ ಮುಂಚೆಯೇ ಹೊರಟುಬಿಡುವುದಾದರೆ, ಶಕ್ತಿ ಯೋಜನೆಯ ಉಚಿತ ಟಿಕೆಟ್ಟಾಗಲಿ ವಿದ್ಯಾರ್ಥಿ ಪಾಸಾಗಲಿ ಉಪಯೋಗಕ್ಕೆ ಬರುವುದಿಲ್ಲ. ಯಾವ ಕಾಲೇಜಿನ ಎಷ್ಟು ಮಕ್ಕಳು ಯಾವ ಹಳ್ಳಿಯಿಂದ ಬರುತ್ತಾರೆ ಎಂಬ ಪಟ್ಟಿ ಪ್ರತಿ ಪ್ರಾಂಶುಪಾಲರ ಬಳಿ ಇದೆ. ಅದನ್ನು ಸಾರಿಗೆ ನಿಗಮದ ಘಟಕ ವ್ಯವಸ್ಥಾಪಕರ ಮುಂದೆ ಇಟ್ಟು ವೇಳಾಪಟ್ಟಿ ಬದಲಿಸಿ ಎಂದು ಕೇಳುವುದೂ ರಸ್ತೆ ಸುರಕ್ಷತೆಯ ಕೆಲಸವೇ. ಬೆಳಗಿನ ಜಾವದ ಟ್ಯೂಷನ್ನುಗಳ ಬಗ್ಗೆ ಹೇಳಹೊರಟರೆ ಈ ಪತ್ರ ಬೇರೆಯದೇ ಆದೀತು.

ಇದಕ್ಕೆಲ್ಲ ಸಮಯವೆಲ್ಲಿ ಎಂದು ಸಹೋದ್ಯೋಗಿಗಳು ಕೇಳುವುದು ನನಗೆ ಗೊತ್ತು. ಸಿಲಬಸ್ ಮುಗಿಸುವ ಒತ್ತಡ ನಾನೂ ಅನುಭವಿಸಿದ್ದೇ. ಪ್ರಥಮ ಪಿಯುವಿನಲ್ಲಿ ವರ್ಷಕ್ಕೆ ಎಂಟು ಗಂಟೆ ಸಾಕು: ನಿಲ್ಲುವ ದೂರಕ್ಕೆ ಎರಡು, ಅಪಾಯ ಗುರುತಿಸುವುದಕ್ಕೆ ನಾಲ್ಕು, ಹಿಂಬದಿ ಸವಾರರ ಹೊಣೆ ಮತ್ತು ‘ಬೇಡ, ನಾನು ಇಳೀತೀನಿ’ ಎಂದು ಗೆಳೆಯನಿಗೆ ಹೇಳುವ ಅಭ್ಯಾಸಕ್ಕೆ ಒಂದು, ಗಾಯಾಳುವನ್ನು ಹೇಗೆ ಎತ್ತಬೇಕು ಮತ್ತು 108ಕ್ಕೆ ಏನು ಹೇಳಬೇಕು ಎಂಬುದಕ್ಕೆ ಒಂದು. ದ್ವಿತೀಯ ಪಿಯು ಮಕ್ಕಳನ್ನು ಬೋರ್ಡ್ ಪರೀಕ್ಷೆಗೆ ಬಿಟ್ಟುಬಿಡಿ. ಪದವಿಪೂರ್ವ ಶಿಕ್ಷಣ ಇಲಾಖೆಯೂ ಸಾರಿಗೆ ಇಲಾಖೆಯೂ ಒಟ್ಟಿಗೆ ಕೂತು, ಬರುವ ಜೂನ್‌ನಿಂದ ಜಿಲ್ಲೆಗೊಂದು ತಾಲ್ಲೂಕಿನ ಎಲ್ಲ ಪಿಯು ಕಾಲೇಜುಗಳಲ್ಲಿ, ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಭೇದವಿಲ್ಲದೆ, ಇದನ್ನು ಆರಂಭಿಸಲಿ. ಆ ಮಕ್ಕಳ ಪರವಾನಗಿ ಮತ್ತು ಅಪಘಾತದ ದಾಖಲೆಗಳನ್ನು ಮೂರು ವರ್ಷ ಪಕ್ಕದ ತಾಲ್ಲೂಕಿನ ಮಕ್ಕಳ ದಾಖಲೆಗಳೊಂದಿಗೆ ಹೋಲಿಸಿ ನೋಡಲಿ. ಫಲಿತಾಂಶ ಏನೇ ಬರಲಿ, ಅದನ್ನು ಪ್ರಕಟಿಸಲಿ ಎಂಬುದು ನನ್ನ ವಿನಂತಿ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೌತವಿಜ್ಞಾನ ಉಪನ್ಯಾಸಕ, ಶಿವಮೊಗ್ಗ